ಏಕಗವಾಕ್ಷಿ ಇದ್ದರೆ ಸಾಕಾ? ಈ ನಿಯಮ ಬೇಕಾ ಅಂತ ಕೇಳೋ ಕಾಯಂ ಸಂಸ್ಥೆ ನಮ್ಮಲ್ಲಿ ಯಾಕಿಲ್ಲ?

ತಿಪಟೂರು ಕೊಬ್ಬರಿ (ತುಮಕೂರು ಜಿಲ್ಲೆ):

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ತೋಟ ಇದೆ, ಅಟ್ಟ ತುಂಬ ಕೊಬ್ಬರಿ ಇದೆ. ಬೆಲೆ ಕುಸಿದಾಗಲೆಲ್ಲ ಹರಾಜಿನಲ್ಲಿ ಬಂದಷ್ಟಕ್ಕೆ ಉಂಡೆ ಕೊಬ್ಬರಿ ಕೊಟ್ಟು ಬಂದು ಬಂದು ಸಾಕಾಗಿದೆ. ಹಾಗಾಗಿ ಅಣ್ಣತಮ್ಮಂದಿರು ಸೇರಿ ಊರ ಹತ್ತಿರವೇ ಒಂದು ಸಣ್ಣ ಎಣ್ಣೆ ಮಿಲ್ ಹಾಕೋಣ ಅಂತ ಹೊರಟಿದ್ದೇವೆ. ಜಮೀನಿನ ಕನ್ವರ್ಷನ್, ಪಂಚಾಯ್ತಿ ಲೈಸೆನ್ಸ್, ಕರೆಂಟ್ ಲೋಡ್, ಆಹಾರ ಸುರಕ್ಷತೆ ಲೈಸೆನ್ಸ್, ಮಾಲಿನ್ಯ ಮಂಡಳಿ ಸಮ್ಮತಿ, ಪ್ಯಾಕೆಟ್ ಮಾಡಿ ಮಾರೋದಾದರೆ ತೂಕ ಮತ್ತು ಅಳತೆ ಇಲಾಖೆ ನೋಂದಣಿ. ಇಷ್ಟೆಲ್ಲ ಬೇಕು ಅಂತ ಗೊತ್ತಿದ್ದೇ ಇಳಿದೆವು, ಅದಕ್ಕೆ ಬೇಜಾರಿಲ್ಲ.

ಬೇಜಾರು ಇರೋದು ಬೇರೆ ಕಡೆ. ಒಂದು ಕಚೇರಿ ಕೊಟ್ಟ ಕಾಗದವನ್ನೇ ಇನ್ನೊಂದು ಕಚೇರಿ "ದೃಢೀಕರಿಸಿ ತನ್ನಿ" ಅನ್ನುತ್ತದೆ. ಸರ್ಕಾರದ ಕಂಪ್ಯೂಟರಿನಲ್ಲೇ ಇರೋ ಪಹಣಿಯನ್ನು ನಾವು ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಮತ್ತೆ ಸರ್ಕಾರದ ಕಂಪ್ಯೂಟರಿಗೇ ಹಾಕಬೇಕು. ಒಂದು ಕಚೇರಿಯಲ್ಲಿ ನೆರೆಹೊರೆಯವರ ಒಪ್ಪಿಗೆ ಪತ್ರ ಕೇಳಿದರು. ಯಾವ ನಿಯಮದಲ್ಲಿ ಇದೆ ಸಾರ್ ಅಂತ ಕೇಳಿದೆ. ಮೊದಲಿಂದ ತಗೊಳ್ತಾ ಇದ್ದೀವಿ ಅಂದರು. ಅಲ್ಲಿ ಕೂತಿದ್ದವರು ಕೆಟ್ಟವರಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಆ ಕಾಗದ ಯಾಕೆ ಬೇಕು ಅಂತ ಅವರಿಗೂ ಗೊತ್ತಿರಲಿಲ್ಲ ಅಷ್ಟೇ.

ನನ್ನ ಫೈಲ್ ಹೇಗೋ ಆಗುತ್ತೆ, ಅದಕ್ಕೆ ಸಹಾಯ ಕೇಳ್ತಿಲ್ಲ. ನನ್ನ ಪ್ರಶ್ನೆ ಇದು. ಎಲ್ಲ ಅನುಮತಿಗೂ ಒಂದೇ ಕಡೆ ಅರ್ಜಿ ತಗೊಳ್ಳೋಕೆ ಏಕಗವಾಕ್ಷಿ ಇದೆ, ಪೋರ್ಟಲ್ ಇದೆ. ಆದರೆ "ಈ ಕಾಗದ ನಿಜವಾಗಲೂ ಬೇಕಾ, ಇದರಿಂದ ಯಾರಿಗೆ ಏನು ರಕ್ಷಣೆ ಸಿಗ್ತಾ ಇದೆ, ತೆಗೆದರೆ ಏನಾಗುತ್ತೆ" ಅಂತ ಕೇಳೋದೇ ಕೆಲಸವಾಗಿರೋ ಒಂದು ಕಚೇರಿ ಸರ್ಕಾರದಲ್ಲಿ ಎಲ್ಲಿದೆ? ಪ್ರತಿ ಇಲಾಖೆಯೂ ತನ್ನ ನಿಯಮ ಕಾಯುತ್ತದೆ. ಎಲ್ಲ ನಿಯಮಗಳ ಒಟ್ಟು ಭಾರ ಒಬ್ಬ ಮಿಲ್ ಹಾಕೋವನ ತಲೆ ಮೇಲೆ ಎಷ್ಟು ಬಿತ್ತು ಅಂತ ಲೆಕ್ಕ ಇಡೋರು ಯಾರು? ಬೇರೆ ದೇಶಗಳಲ್ಲಿ ಇಂಥ ಸಂಸ್ಥೆ ಮಾಡಿದ್ದಾರಾ, ಮಾಡಿದ್ದರೆ ಉಳಿದಿದೆಯಾ? ನಮ್ಮಲ್ಲಿ ಮಾಡಿದರೆ ಹೇಗಿರಬೇಕು? ಗೊತ್ತಿರುವವರು ವಿವರವಾಗಿ ಬರೆಯಿರಿ. ಉದ್ದ ಆದರೂ ಪರವಾಗಿಲ್ಲ, ಓದುತ್ತೇನೆ.

---

ನಿವೃತ್ತ ಡಿಐಸಿ (ತುಮಕೂರು):

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಕೈಗಾರಿಕಾ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು, ಒಳಗಿನಿಂದ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಈಗಿರುವ ವ್ಯವಸ್ಥೆ. ಕರ್ನಾಟಕದಲ್ಲಿ 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ ಇದೆ. ಅದರಡಿ ಮೂರು ಸಮಿತಿ. 15 ಕೋಟಿ ರೂ.ವರೆಗಿನ ಯೋಜನೆ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೆ ಬರುತ್ತದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಕೈಗಾರಿಕಾ ಕೇಂದ್ರದ (ಡಿಐಸಿ) ಜಂಟಿ ನಿರ್ದೇಶಕರು ಸದಸ್ಯ ಕಾರ್ಯದರ್ಶಿ. 15ರಿಂದ 500 ಕೋಟಿವರೆಗೆ ರಾಜ್ಯ ಮಟ್ಟದ ಸಮಿತಿ, ಅದಕ್ಕಿಂತ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಸಮಿತಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಸಂಸ್ಥೆಯಾದ ಕರ್ನಾಟಕ ಉದ್ಯೋಗ ಮಿತ್ರ ಇದಕ್ಕೆಲ್ಲ ಓಡಾಡುತ್ತದೆ. 2025ರ ಫೆಬ್ರವರಿಯಲ್ಲಿ ಹೂಡಿಕೆದಾರರ ಸಮಾವೇಶದ ಹೊತ್ತಿಗೆ ಹೊಸ ಪೋರ್ಟಲ್ ಕೂಡ ಬಂತು.

ಈ ಸಮಿತಿಗಳು ಅನುಮತಿ ಕೊಡಿಸುತ್ತವೆ. ನಿಯಮ ಬದಲಿಸುವ ಅಧಿಕಾರ ಇವುಗಳಿಗಿಲ್ಲ. ಸಭೆಯಲ್ಲಿ ಕೂರುವವರು ಆಯಾ ಇಲಾಖೆಯ ಅಧಿಕಾರಿಗಳೇ. "ನಮ್ಮ ಸುತ್ತೋಲೆಯಲ್ಲಿ ಹೀಗಿದೆ" ಅಂತ ಒಬ್ಬರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಆ ಸುತ್ತೋಲೆ ಮೂಲ ಕಾಯ್ದೆಗೆ ಸರಿಯಾಗಿದೆಯಾ ಅಂತ ನೋಡಲು ಜಿಲ್ಲಾಧಿಕಾರಿಗೆ ಸಮಯವೂ ಇರೋದಿಲ್ಲ, ಕಾನೂನು ಓದಿಕೊಂಡ ಸಿಬ್ಬಂದಿಯೂ ಇರೋದಿಲ್ಲ.

ಸಕಾಲದ ಕಥೆಯೂ ಹತ್ತಿರ ಹತ್ತಿರ ಹೀಗೇ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂ., ಹೆಚ್ಚೆಂದರೆ 500 ರೂ. ಪರಿಹಾರ. ತುಂಬಾ ಒಳ್ಳೆಯ ಕೆಲಸ, ನಾನು ಇದ್ದಾಗಲೇ ಕಚೇರಿಗಳ ನಡವಳಿಕೆ ಬದಲಾಗಿದ್ದನ್ನು ನೋಡಿದ್ದೇನೆ. ಆದರೆ ಸಕಾಲ ಕೇಳೋದು "ಎಷ್ಟು ದಿನದಲ್ಲಿ ಕೊಟ್ಟಿರಿ" ಅಂತ. "ಇದನ್ನು ಯಾಕೆ ಕೊಡಬೇಕು" ಅಂತ ಅದು ಕೇಳೋದಿಲ್ಲ. ಬೇಡದ ಕಾಗದವನ್ನು ಬೇಗ ಕೊಟ್ಟರೂ ಸಕಾಲದ ಲೆಕ್ಕದಲ್ಲಿ ಅದು ಗೆಲುವೇ.

ಬೇಡದ ಕಾಗದ ಯಾಕೆ ಉಳಿಯುತ್ತದೆ ಅಂದರೆ, ಗುಮಾಸ್ತರಿಗೆ ಆಡಿಟ್ ಭಯ. ಒಂದು ಕಾಗದ ಹೆಚ್ಚಿಗೆ ಕೇಳಿದ್ದಕ್ಕೆ ಯಾರಿಗೂ ನೋಟಿಸ್ ಬಂದಿದ್ದನ್ನು ನಾನು ಕಂಡಿಲ್ಲ. ಒಂದು ಕಾಗದ ಕಡಿಮೆ ಇದ್ದದ್ದಕ್ಕೆ ಆಡಿಟ್ ಆಕ್ಷೇಪಣೆ ಬಂದು, ನಿವೃತ್ತಿಯಾದ ಮೇಲೂ ಪಿಂಚಣಿ ತಡೆಯುವ ಹಂತಕ್ಕೆ ಹೋಗಿದ್ದನ್ನು ಕಂಡಿದ್ದೇನೆ. ಹೀಗಿರುವಾಗ ಯಾವ ನೌಕರ ತಾನಾಗಿ ಚೆಕ್‌ಲಿಸ್ಟ್ ಚಿಕ್ಕದು ಮಾಡುತ್ತಾನೆ ಹೇಳಿ? "ಈ ಕಾಗದ ಬೇಡ, ಬಿಡು" ಅಂತ ಲಿಖಿತವಾಗಿ ಹೇಳಿ ಅವನಿಗೆ ರಕ್ಷಣೆ ಕೊಡುವ ಒಂದು ಜಾಗ ಬೇಕು. ನೀವು ಕೇಳುತ್ತಿರುವ ಸಂಸ್ಥೆಯ ಅರ್ಧ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಅಂದಹಾಗೆ ಆ ಕೈಗಾರಿಕಾ ಸೌಲಭ್ಯ ಕಾಯ್ದೆಗೆ ಆದ 2020ರ ತಿದ್ದುಪಡಿ ನೋಡಿದ್ದೀರಾ? ಸಮಿತಿಯ ತಾತ್ವಿಕ ಒಪ್ಪಿಗೆ ಸಿಕ್ಕ ಮೇಲೆ ಅಫಿಡವಿಟ್ ಕೊಟ್ಟು ಕೆಲಸ ಶುರು ಮಾಡಬಹುದು, ರಾಜ್ಯದ ಕಾನೂನುಗಳಡಿ ಬರುವ ಹಲವು ಅನುಮತಿಗಳನ್ನು 3 ವರ್ಷದೊಳಗೆ ಪಡೆದರೆ ಆಯಿತು. ರಾಜಸ್ಥಾನ, ಗುಜರಾತ್ 2019ರಲ್ಲೇ ಇಂಥ ಕಾಯ್ದೆ ಮಾಡಿದ್ದವು. ನಿಮಗೆ ಉಪಯೋಗ ಆಗಬಹುದು, ಡಿಐಸಿಯಲ್ಲಿ ಕೇಳಿ. ಆದರೆ ಇದರಲ್ಲೂ ಕಾಗದಗಳು ಮುಂದಕ್ಕೆ ಹೋಗುತ್ತವೆ, ಕಡಿಮೆ ಆಗೋದಿಲ್ಲ.

---

ಲೆಕ್ಕಪತ್ರ (ಗೌರಿಬಿದನೂರು):

ನಿವೃತ್ತ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸಣ್ಣ ಉದಾಹರಣೆ. ಸಣ್ಣ ಉದ್ಯಮಗಳಿಗೆ ಕೇಂದ್ರದ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತೆ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಒಂದು ನಿಯಮವನ್ನು ಇಷ್ಟು ಹಗುರ ಮಾಡಬಹುದು ಅನ್ನೋದಕ್ಕೆ ಇದೇ ಸಾಕ್ಷಿ. ಆದರೂ ನಮ್ಮ ಊರುಗಳಲ್ಲಿ ಇದಕ್ಕೆ ದುಡ್ಡು ಕೊಟ್ಟು ಮಾಡಿಸಿಕೊಂಡವರು ಎಷ್ಟೋ ಜನ ಸಿಗುತ್ತಾರೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ನಿಯಮ ಸರಳ ಆದರೆ ಸಾಲದು, ಆ ಸುದ್ದಿ ತಾಲ್ಲೂಕಿಗೆ ಬರಬೇಕು. ಸುದ್ದಿ ತಲುಪಿಸೋದು ಯಾರ ಕೆಲಸ ಅಂತ ಎಲ್ಲೂ ಬರೆದಿಲ್ಲ. ಸಂಸ್ಥೆ ಮಾಡಿದರೆ ಅದನ್ನೂ ಬರೆದುಬಿಡಲಿ.

---

ನೀತಿ ವಿದ್ಯಾರ್ಥಿ (ಕೋಲಾರ):

ತಿಪಟೂರು ಅಣ್ಣ, ನೀವು ಕೇಳಿದ ಸಂಸ್ಥೆಗಳು ಬೇರೆ ದೇಶಗಳಲ್ಲಿ ಇವೆ. ನಾನು ಇದನ್ನೇ ಓದುತ್ತಿದ್ದೇನೆ, ನನಗೆ ಮುಖ್ಯ ಅನ್ನಿಸಿದ್ದನ್ನು ಹೇಳುತ್ತೇನೆ.

ದಕ್ಷಿಣ ಕೊರಿಯಾ 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡಾಗ ಕಾನೂನು ಮಾಡಿ 1998ರಲ್ಲಿ ನಿಯಂತ್ರಣ ಸುಧಾರಣಾ ಸಮಿತಿ ಶುರು ಮಾಡಿತು. ಪ್ರಧಾನಿಯೂ ಸರ್ಕಾರದ ಹೊರಗಿನ ಒಬ್ಬರೂ ಜೊತೆಯಾಗಿ ಅಧ್ಯಕ್ಷರಾಗಿದ್ದರು. ಸದಸ್ಯರಲ್ಲಿ ಹೆಚ್ಚಿನವರು ಹೊರಗಿನವರು. ಎಲ್ಲ ಇಲಾಖೆಗಳೂ ತಮ್ಮ ನಿಯಮಗಳನ್ನು ಅಲ್ಲಿ ನೋಂದಾಯಿಸಬೇಕಿತ್ತು. ಸುಮಾರು 11 ಸಾವಿರ ನಿಯಮಗಳು ಲೆಕ್ಕಕ್ಕೆ ಸಿಕ್ಕವು, ಅದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ತೆಗೆದರು. ನನಗೆ ಇದರಲ್ಲಿ ದೊಡ್ಡದಾಗಿ ಕಂಡಿದ್ದು ಆ ಪಟ್ಟಿ. ತಮ್ಮಲ್ಲಿ ಎಷ್ಟು ನಿಯಮ ಇವೆ ಅಂತ ಗೊತ್ತಿಲ್ಲದ ಸರ್ಕಾರ ಯಾವುದನ್ನು ಅಂತ ತೆಗೆಯುತ್ತೆ?

ಪಟ್ಟಿ ವಿಷಯದಲ್ಲಿ ವಿಯೆಟ್ನಾಂ ನಮಗೆ ಇನ್ನೂ ಹತ್ತಿರ. ಅಲ್ಲಿ 2007ರಿಂದ 2010ರವರೆಗೆ "ಪ್ರಾಜೆಕ್ಟ್ 30" ಅಂತ ನಡೆಯಿತು. ಕೇಂದ್ರದಿಂದ ಹಿಡಿದು ನಮ್ಮ ಗ್ರಾಮ ಪಂಚಾಯ್ತಿಯಂಥ ಹಂತದವರೆಗೆ ಸರ್ಕಾರದ ನಾಲ್ಕೂ ಮಟ್ಟದ ಅರ್ಜಿ, ಅನುಮತಿ, ಫಾರಂಗಳನ್ನು ಪಟ್ಟಿ ಮಾಡಿದರು. 5 ಸಾವಿರಕ್ಕೂ ಹೆಚ್ಚು ವಿಧಾನಗಳು ಸಿಕ್ಕವು. ಎಲ್ಲವನ್ನೂ ಜನರಿಗೆ ಕಾಣುವ ಹಾಗೆ 2009ರಲ್ಲಿ ಇಂಟರ್ನೆಟ್‌ನಲ್ಲಿ ಹಾಕಿದರು. ಆಮೇಲೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಇದು ಬೇಕಾ, ಕಾನೂನಿನಲ್ಲಿ ಇದೆಯಾ, ಜನರಿಗೆ ಸುಲಭವಾಗಿದೆಯಾ? ಉತ್ತರ ಕೊಡಬೇಕಾದವರು ಆ ನಿಯಮ ಇಟ್ಟುಕೊಂಡ ಇಲಾಖೆಯವರು. ಆ ಉತ್ತರವನ್ನು ಪರೀಕ್ಷಿಸೋದು ಪ್ರಧಾನಿ ಕೆಳಗಿನ ಪ್ರತ್ಯೇಕ ತಂಡ, ಅದರಲ್ಲಿ ಖಾಸಗಿಯವರೂ ಇದ್ದರು. ಅಭಿಯಾನ ಮುಗಿದ ಮೇಲೆ ಇದನ್ನೇ ನೋಡಿಕೊಳ್ಳೋಕೆ ಒಂದು ಕಾಯಂ ಕಚೇರಿ ಮಾಡಿದರು. ನಿಮ್ಮ "ನೆರೆಹೊರೆಯವರ ಒಪ್ಪಿಗೆ ಪತ್ರ" ಅಲ್ಲಿ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತಿತ್ತು.

ನೆದರ್‌ಲ್ಯಾಂಡ್ಸ್‌ನಲ್ಲಿ 2000ರಲ್ಲಿ ಆಕ್ಟಲ್ ಅಂತ ಒಂದು ಪುಟ್ಟ ಸ್ವತಂತ್ರ ಸಂಸ್ಥೆ ಮಾಡಿದರು. ಹೊಸ ನಿಯಮದ ಕರಡು ಬಂದಾಗ ಅದನ್ನು ಪಾಲಿಸೋಕೆ ಉದ್ಯಮಗಳಿಗೆ ಎಷ್ಟು ಖರ್ಚು ಬೀಳುತ್ತೆ ಅಂತ ನೋಡಿ ಬಹಿರಂಗವಾಗಿ ಹೇಳೋದು ಅದರ ಕೆಲಸ ಆಗಿತ್ತು. ಲೆಕ್ಕದ ವಿಧಾನ ಸರಳ. ಒಂದು ಫಾರಂ ತುಂಬೋಕೆ ಎಷ್ಟು ಹೊತ್ತು ಬೇಕು, ಆ ಹೊತ್ತಿನ ಕೂಲಿ ಎಷ್ಟು, ವರ್ಷಕ್ಕೆ ಎಷ್ಟು ಸಲ, ಎಷ್ಟು ಜನ ತುಂಬಬೇಕು. ಗುಣಿಸಿದರೆ ಮೊತ್ತ ಸಿಗುತ್ತೆ. ಆ ಲೆಕ್ಕ ಇಟ್ಟುಕೊಂಡು 2007ರ ಹೊತ್ತಿಗೆ ಕಾಗದಪತ್ರದ ಹೊರೆಯನ್ನು 25% ಇಳಿಸುವ ಗುರಿ ಹಾಕಿಕೊಂಡರು. ಜರ್ಮನಿ 2006ರಲ್ಲಿ ಇದೇ ದಾರಿ ಹಿಡಿದು ಕಾನೂನಿನ ಮೂಲಕ ತನ್ನ ಮಂಡಳಿ ಮಾಡಿತು. ಬ್ರಿಟನ್ 2009ರಲ್ಲಿ.

ಮೆಕ್ಸಿಕೋದ್ದು ಜಿಲ್ಲೆಗಳಿಗೆ ಉಪಯೋಗ ಆಗೋ ಉದಾಹರಣೆ. 2000ದಲ್ಲಿ ಶುರುವಾದ ಅಲ್ಲಿನ ನಿಯಂತ್ರಣ ಸುಧಾರಣಾ ಆಯೋಗ ಊರ ಪುರಸಭೆಗಳ ಜೊತೆ ಒಪ್ಪಂದ ಮಾಡಿಕೊಂಡು, ಅಪಾಯ ಕಡಿಮೆ ಇರುವ ಸಣ್ಣ ಉದ್ಯಮಗಳಿಗೆ 3 ದಿನದೊಳಗೆ ಪರವಾನಗಿ ಕೊಡುವ ವ್ಯವಸ್ಥೆಯನ್ನು 2002ರಿಂದ ಹಬ್ಬಿಸಿತು. 2018ರಲ್ಲಿ ಹೊಸ ಕಾನೂನು ಬಂದು ಆಯೋಗದ ಹೆಸರು ಬದಲಾಯಿತು, ಕೆಲಸ ಮುಂದುವರಿಯಿತು. 2025ರಲ್ಲಿ ಇನ್ನೊಂದು ಕಾನೂನು ಬರುವವರೆಗೆ, ಸರ್ಕಾರಗಳು, ಪಕ್ಷಗಳು ಬದಲಾದರೂ ಆಯೋಗ ನಡೆಯಿತು.

ಈಗ ನಮ್ಮ ಕಡೆಗೆ ಬರ್ತೀನಿ. ನಮ್ಮಲ್ಲಿ ಸುಧಾರಣೆ ನಡೆದೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. ಯಾವ ದೇಶದಲ್ಲಿ ಉದ್ಯಮ ನಡೆಸೋದು ಎಷ್ಟು ಸುಲಭ ಅಂತ ಹೇಳುತ್ತಿದ್ದ ವಿಶ್ವಬ್ಯಾಂಕಿನ "ಡೂಯಿಂಗ್ ಬಿಸಿನೆಸ್" ಪಟ್ಟಿಯಲ್ಲಿ ಭಾರತ 142ರಿಂದ 63ಕ್ಕೆ ಏರಿತು. ಆದರೆ ಆ ಪಟ್ಟಿ ಅಳೆದಿದ್ದು ದೆಹಲಿ, ಮುಂಬೈಗಳನ್ನು. ತಿಪಟೂರಿನಲ್ಲೋ ಮುಳಬಾಗಿಲಿನಲ್ಲೋ ಏನಾಗ್ತಿದೆ ಅಂತ ಅದಕ್ಕೆ ಗೊತ್ತಿರಲಿಲ್ಲ. ಅಂಕಿಅಂಶಗಳಲ್ಲಿ ಅಕ್ರಮ ಕಂಡುಬಂದು 2021ರ ಸೆಪ್ಟೆಂಬರ್‌ನಲ್ಲಿ ವಿಶ್ವಬ್ಯಾಂಕೇ ಆ ವರದಿಯನ್ನು ನಿಲ್ಲಿಸಿತು. ಬೇರೆಯವರ ಪಟ್ಟಿಗಾಗಿ ಮಾಡಿದ ಸುಧಾರಣೆ, ಪಟ್ಟಿ ನಿಂತ ಮೇಲೆ ಯಾರನ್ನು ನೋಡಿಕೊಂಡು ನಡೆಯಬೇಕು? 2023ರ ಜನ ವಿಶ್ವಾಸ ಕಾಯ್ದೆ 42 ಕೇಂದ್ರ ಕಾನೂನುಗಳ 183 ಕಲಂಗಳಲ್ಲಿ ಜೈಲು, ದಂಡದ ಅಂಶಗಳನ್ನು ಸಡಿಲ ಮಾಡಿತು. ಅದೂ ಕಾಯಂ ಸಂಸ್ಥೆ ಅಲ್ಲ.

ಕರ್ನಾಟಕದಲ್ಲಿ ಮೊದಲು ಹಾರನಹಳ್ಳಿ ರಾಮಸ್ವಾಮಿ ಅವರ ಆಡಳಿತ ಸುಧಾರಣಾ ಆಯೋಗ ಇತ್ತು, ಆಮೇಲೆ 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅವರ ಅಧ್ಯಕ್ಷತೆಯಲ್ಲಿ ಎರಡನೆಯದು ಬಂತು. ಪ್ರಾಮಾಣಿಕವಾಗಿ ದುಡಿದವರು ಅಂತಲೇ ನಾನು ಹೇಳೋದು. ಆದರೆ ಆಯೋಗ ಅಂದರೆ ವರದಿ ಕೊಡುತ್ತೆ. ವರದಿ ಕೈಸೇರಿದ ಮೇಲೆ ಇಲಾಖೆ ಕೂತು ಕೆಲಸ ಮಾಡಿತಾ ಅಂತ ವರ್ಷ ವರ್ಷ ಬೆನ್ನು ಹತ್ತೋಕೆ ಅದಕ್ಕೆ ಆಗೋದಿಲ್ಲ.

ಹೇಗಿದ್ದರೆ ಉಳಿಯುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆ ಇವೆ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 1999ರ ಕಾನೂನಿನಿಂದ ಹುಟ್ಟಿತು. ಕರೆಂಟ್ ದರ ಏರಿಸಬೇಕಾದರೆ ಕಂಪನಿ ಅಲ್ಲಿ ಅರ್ಜಿ ಹಾಕಬೇಕು, ಬಹಿರಂಗ ವಿಚಾರಣೆ ನಡೆಯಬೇಕು, ರೈತನೂ ಹೋಗಿ ಆಕ್ಷೇಪಣೆ ಹೇಳಬಹುದು, ಆದೇಶದಲ್ಲಿ ಕಾರಣ ಬರೆಯಬೇಕು. ದರದ ಬಗ್ಗೆ ನಮಗೆ ಸಿಟ್ಟು ಬರಬಹುದು, ಆದರೆ ದರ ಹೇಗೆ ನಿಗದಿ ಆಯಿತು ಅಂತ ಓದಬಹುದು ಅಲ್ವಾ? ಇನ್ನೊಂದು ಕಡೆ, 2016ರಲ್ಲಿ ಬರೀ ಸರ್ಕಾರಿ ಆದೇಶದಿಂದ ಭ್ರಷ್ಟಾಚಾರ ನಿಗ್ರಹ ದಳ ಮಾಡಿದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು, ದಳವೂ ಹೋಯಿತು. 1984ರ ಕಾಯ್ದೆಯ ಲೋಕಾಯುಕ್ತ ಉಳಿಯಿತು. ಹಾಗಾಗಿ ನಾನು ಹೇಳೋದು, ಈ ಸಂಸ್ಥೆ ಬೇಕಾದರೆ ವಿಧಾನಸಭೆಯಲ್ಲಿ ಕಾಯ್ದೆ ಪಾಸಾಗಿಯೇ ಬರಬೇಕು. ಅದಕ್ಕೆ ಅದರದ್ದೇ ಬಜೆಟ್ ಇರಬೇಕು, ಅವಧಿ ನಿಗದಿ ಇರುವ ಸದಸ್ಯರಿರಬೇಕು. ಅಧಿಕಾರಿ ಆರು ತಿಂಗಳಿಗೊಮ್ಮೆ ವರ್ಗ ಆಗ್ತಿದ್ದರೆ ಎಂಥ ಸಂಸ್ಥೆಯೂ ನಿಲ್ಲೋದಿಲ್ಲ.

---

ಮಾಲೂರಿನವಳು (ಕೋಲಾರ ಜಿಲ್ಲೆ):

ಎಲ್ಲ ಓದಿದೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು. ಇಲ್ಲಿ ಎಲ್ಲರೂ ಮಿಲ್ ಹಾಕುವವರ ಕಡೆಯಿಂದ ಮಾತಾಡ್ತಿದ್ದೀರಿ. ಮಿಲ್ ಪಕ್ಕದಲ್ಲಿ ಮನೆ ಇರೋರು, ಅದರೊಳಗೆ ದುಡಿಯೋರು ಎಲ್ಲಿ?

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯೋ ಒಂದು ಹೊಳೆ ಇಲ್ಲ. ಕೆರೆ ಮತ್ತು ಬೋರ್‌ವೆಲ್, ಇಷ್ಟೇ ನಮ್ಮ ಬದುಕು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಿವೆ, ಸಿಕ್ಕರೆ ಫ್ಲೋರೈಡ್. ಇಂಥ ಕಡೆ ಒಂದು ಕಾರ್ಖಾನೆ ಹೊಲಸು ನೀರನ್ನು ಕಾಲುವೆಗೆ ಬಿಟ್ಟರೆ ಅದು ಸೀದಾ ಕೆರೆಗೆ, ಅಲ್ಲಿಂದ ಬೋರ್‌ವೆಲ್‌ಗೆ. ನರಸಾಪುರ, ವೇಮಗಲ್, ಮಾಲೂರು ಸುತ್ತ ಕಾರ್ಖಾನೆ ಬಂದಿದ್ದರಿಂದ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಸಂಬಳ ಸಿಕ್ಕಿದೆ. ಅದು ಸಣ್ಣ ವಿಷಯ ಅಲ್ಲ, ನಾನೂ ಅದರಿಂದಲೇ ಓದಿದವಳು. ಅದಕ್ಕೇ ಹೇಳ್ತಿದ್ದೇನೆ. ಬಾಯ್ಲರ್ ತಪಾಸಣೆ, ಬೆಂಕಿ ಸುರಕ್ಷತೆ, ಶಿಫ್ಟ್ ಬಸ್ಸು, ಶೌಚಾಲಯ, ಇವು ಯಾರೋ ಸುಮ್ನೆ ಕೂತು ಬರೆದ ನಿಯಮಗಳಲ್ಲ. ಯಾರೋ ಸತ್ತ ಮೇಲೆ, ಯಾರೋ ಹೋರಾಡಿದ ಮೇಲೆ ಬಂದವು.

ಕೊರಿಯಾದಲ್ಲಿ ಅರ್ಧ ನಿಯಮ ತೆಗೆದರು ಅಂತ ಖುಷಿಯಿಂದ ಬರೆದಿದ್ದೀರಿ. ಯಾವ ಅರ್ಧ? ಎಷ್ಟು ತೆಗೆದೆವು ಅನ್ನೋದನ್ನೇ ಗುರಿ ಮಾಡಿಕೊಂಡರೆ, ಯಾರ ದನಿ ಸಣ್ಣದೋ ಅವರ ನಿಯಮ ಮೊದಲು ಹೋಗುತ್ತೆ. ಸಂಸ್ಥೆ ಮಾಡಿ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಕಾರ್ಮಿಕರ ಕಡೆಯವರು, ಪಂಚಾಯ್ತಿ ಸದಸ್ಯರು, ನೀರಿನ ವಿಷಯ ತಿಳಿದವರು ಇರಬೇಕು. ಕೈಗಾರಿಕಾ ಸಂಘದವರಿಗೆ ಮಾತ್ರ ಕುರ್ಚಿ ಹಾಕಿದರೆ ನಾನಂತೂ ಒಪ್ಪಲ್ಲ.

---

ನೀತಿ ವಿದ್ಯಾರ್ಥಿ (ಕೋಲಾರ):

ಅಕ್ಕ, ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಬರೀ ಎಣಿಕೆಯ ಗುರಿ ಇಟ್ಟಿದ್ದಕ್ಕೆ ಕೊರಿಯಾದ ಮೇಲೂ ಟೀಕೆ ಬಂದಿದೆ, ಮುಖ್ಯವಲ್ಲದ ನಿಯಮ ತೆಗೆದು ಲೆಕ್ಕ ತುಂಬಿಸುವ ದಾರಿ ಅದು. ಇಂಥ ಸಂಸ್ಥೆ ಚೆನ್ನಾಗಿ ನಡೆದರೆ ಅದರ ಕೈಯಲ್ಲಿ ಎರಡು ತಟ್ಟೆಯ ತಕ್ಕಡಿ ಇರಬೇಕು. ಪಾಲಿಸುವವರ ಖರ್ಚು ಒಂದು ಕಡೆ, ಆ ನಿಯಮದಿಂದ ಜನಕ್ಕೆ ಸಿಗುವ ರಕ್ಷಣೆ ಇನ್ನೊಂದು ಕಡೆ.

ಒಂದು ಸೇರಿಸುತ್ತೇನೆ. ಕಾಗದ ಕಡಿಮೆ ಆದರೆ ತಪಾಸಣೆ ಗಟ್ಟಿ ಆಗೋದಕ್ಕೂ ಸಾಧ್ಯ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಉದ್ಯಮಗಳನ್ನು, ಮಾಲಿನ್ಯ ಹೆಚ್ಚಿದ್ದವರಿಂದ ಕಡಿಮೆ ಇದ್ದವರ ಕಡೆಗೆ, ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿತು. ಬಿಳಿ ಗುಂಪಿನವರು ಸಮ್ಮತಿ ಪಡೆಯಬೇಕಿಲ್ಲ, ತಿಳಿಸಿದರೆ ಸಾಕು. ಬಿಳಿಯವರ ಫೈಲ್ ನೋಡುವ ಹೊತ್ತು ಉಳಿದರೆ ಅಧಿಕಾರಿ ಕೆಂಪು ಗುಂಪಿನ ಕಾರ್ಖಾನೆಯ ಹಿಂದಿನ ಕಾಲುವೆಗೆ ಹೋಗಿ ನೀರಿನ ಮಾದರಿ ತೆಗೆಯಬಹುದು. ಈಗ ಎಣ್ಣೆ ಗಾಣದವನಿಗೂ ರಾಸಾಯನಿಕ ಕಾರ್ಖಾನೆಯವನಿಗೂ ಒಂದೇ ಮೇಜಿನ ಮೇಲೆ ಫೈಲ್. ಇದರಲ್ಲಿ ನಿಮಗೆ ಲಾಭ ಇಲ್ಲ, ತಿಪಟೂರು ಅಣ್ಣನಿಗೂ ಇಲ್ಲ.

---

ಗೂಡು ರೀಲರ್ (ಶಿಡ್ಲಘಟ್ಟ):

ನಾನು ಹೆಚ್ಚು ಓದಿದವನಲ್ಲ. ತಂದೆ ಕಾಲದಿಂದ ಗೂಡಿನಿಂದ ರೇಷ್ಮೆ ನೂಲು ಬಿಚ್ಚೋದು ನಮ್ಮ ಕಸುಬು. ನಮಗೆ ನಿಯಮ ಹೊಸದಲ್ಲ. ಲೈಸೆನ್ಸ್ ಇಲ್ಲದೆ ಗೂಡು ಮಾರುಕಟ್ಟೆಯಲ್ಲಿ ಲಾಟ್ ಕೂಗೋ ಹಾಗಿಲ್ಲ. 1959ರ ಕಾಯ್ದೆ ಅದು.

ಆ ನಿಯಮ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ಮನೆ ಬಾಗಿಲಲ್ಲಿ ವ್ಯಾಪಾರ ಆಗೋವಾಗ ರೈತನಿಗೆ ತೂಕದಲ್ಲೂ ಮೋಸ, ದುಡ್ಡಿನಲ್ಲೂ ಮೋಸ. ಸರ್ಕಾರಿ ಮಾರುಕಟ್ಟೆ, ಬಹಿರಂಗ ಹರಾಜು ಬಂದ ಮೇಲೆ ರೈತನಿಗೂ ನಮಗೂ ಒಂದು ನಂಬಿಕೆ ಬಂತು. ಈಗ ಇ-ಹರಾಜು, ಎಲೆಕ್ಟ್ರಾನಿಕ್ ತೂಕ. ನಿಯಮ ಅಂದರೆ ಹೀಗಿರಬೇಕು, ಯಾಕೆ ಇದೆ ಅಂತ ಮಾರುಕಟ್ಟೆಗೆ ಒಂದು ದಿನ ಬಂದು ನಿಂತರೆ ಎಂಥವನಿಗೂ ಅರ್ಥ ಆಗುತ್ತೆ.

ಅರ್ಥ ಆಗದ್ದು ಬೇರೆ ಇದೆ. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಹೋದ ಸಲ ಕೊಟ್ಟ ದಾಖಲೆಯನ್ನೇ ಈ ಸಲವೂ ಕೇಳೋದು. ಚರಕದವನಿಗೂ, ಕಾಟೇಜ್ ಬೇಸಿನ್ ಅನ್ನೋ ಸಣ್ಣ ಯಂತ್ರದವನಿಗೂ, ಕೋಟಿ ಹಾಕಿ ಆಟೋಮ್ಯಾಟಿಕ್ ಮಿಷನ್ ಕೂರಿಸಿದವನಿಗೂ ಒಂದೇ ರೀತಿ ಓಡಾಟ. ಯಾವುದೇ ಇಲಾಖೆ ಇರಲಿ, ಸಣ್ಣವನ ಮೇಲೆ ಭಾರ ಜಾಸ್ತಿ. ದೊಡ್ಡವರು ಇದಕ್ಕೇ ಅಂತ ಒಬ್ಬ ಮ್ಯಾನೇಜರ್ ಇಟ್ಟುಕೊಳ್ತಾರೆ. ನಾನು ಕಚೇರಿಗೆ ಹೋದ ದಿನ ನನ್ನ ಒಲೆ ಉರಿಯಲ್ಲ, ಬಿಚ್ಚೋ ಹೆಂಗಸರಿಗೆ ಅವತ್ತಿನ ಕೂಲಿ ಇಲ್ಲ. ಕೋಲಾರದ ತಮ್ಮ ಫಾರಂ ತುಂಬೋ ಹೊತ್ತಿಗೆ ಬೆಲೆ ಕಟ್ಟೋ ಲೆಕ್ಕ ಹೇಳಿದ್ರಲ್ಲ, ಅದರಲ್ಲಿ ಅವರ ಕೂಲಿಯನ್ನೂ ಸೇರಿಸಿ.

ಸಂಸ್ಥೆ ಬೆಂಗಳೂರಲ್ಲಿ ಕೂತರೆ ನಮಗೆ ತಲುಪಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆ ಆಯ್ತು. ಅದಕ್ಕೆ ಮುಂಚೆ ಎಲ್ಲದಕ್ಕೂ ಕೋಲಾರಕ್ಕೆ ಹೋಗ್ತಿದ್ದೆವು, ಜಿಲ್ಲಾ ಕಚೇರಿ ಹತ್ತಿರ ಬಂದಿದ್ದರಿಂದ ಎಷ್ಟು ವ್ಯತ್ಯಾಸ ಆಯ್ತು ಅಂತ ನಮಗೆ ಗೊತ್ತು. ಪ್ರತಿ ಜಿಲ್ಲೆಯಲ್ಲೂ ಈ ಸಂಸ್ಥೆಯದ್ದು ಒಂದು ರೂಮು, ಇಬ್ಬರು ನೌಕರರು ಇರಲಿ. ವರ್ಷಕ್ಕೊಂದು ಸಲ ತಾಲ್ಲೂಕಿಗೆ ಬಂದು ಸಭೆ ಮಾಡಲಿ. ಅರ್ಜಿ, ಉತ್ತರ ಎರಡೂ ಕನ್ನಡದಲ್ಲಿರಲಿ. ನಮ್ಮ ಊರಲ್ಲಿ ಉರ್ದು, ತೆಲುಗು ಮಾತಾಡೋ ರೀಲರ್‌ಗಳು ತುಂಬಾ ಜನ, ಸಭೆಯಲ್ಲಿ ಅವರು ಅವರ ಮಾತಲ್ಲೇ ಹೇಳಿಕೊಳ್ಳೋಕೆ ಬಿಡಬೇಕು. ಇಂಗ್ಲಿಷ್ ಪೋರ್ಟಲ್ ಇಟ್ಟು ಅಭಿಪ್ರಾಯ ಕೇಳಿದರೆ ಯಾರ ಅಭಿಪ್ರಾಯ ಬರುತ್ತೆ ಹೇಳಿ.

---

ತಿಪಟೂರು ಕೊಬ್ಬರಿ (ತುಮಕೂರು ಜಿಲ್ಲೆ):

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಮಾಲೂರಿನ ಅಕ್ಕ, ನಿಮ್ಮ ಮಾತು ಸರಿಯಾಗಿದೆ. ನಮ್ಮ ಮಿಲ್ ತೋಟದ ಮಧ್ಯೆ ಬರುತ್ತೆ, ಪಕ್ಕದ ಬಾವಿ ನಮ್ಮ ಚಿಕ್ಕಪ್ಪನದು. ನೀರಿನ ನಿಯಮ ಬಿಗಿಯಾಗಿಯೇ ಇರಲಿ.

ಶಿಡ್ಲಘಟ್ಟದ ಅಣ್ಣ ಹೇಳಿದ ಜಿಲ್ಲಾ ಕೋಣೆ ಮತ್ತು ವಿಯೆಟ್ನಾಂ ಪಟ್ಟಿ, ಈ ಎರಡು ನನಗೆ ಹಿಡಿಸಿದವು. ಕಾಯ್ದೆ ಆಗೋಕೆ ವರ್ಷಗಳೇ ಬೇಕು. ಅಲ್ಲಿವರೆಗೆ ನಮ್ಮ ಜಿಲ್ಲೆಯಲ್ಲಿ ಪಟ್ಟಿಯನ್ನಾದರೂ ನಾವೇ ಶುರು ಮಾಡಬಹುದಾ? ಕೊಬ್ಬರಿ, ನಾರು, ಹುಣಸೆ, ಪುರಿ ಭಟ್ಟಿ, ಅಕ್ಕಿ ಮಿಲ್, ಈ ಕಸುಬುಗಳವರು ಯಾವ ಕಚೇರಿ ಯಾವ ಕಾಗದ ಕೇಳಿತು, ಅದು ನಿಯಮದಲ್ಲಿದೆಯಾ ಇಲ್ಲವಾ ಅಂತ ಬರೆದುಕೊಂಡರೆ ಅದನ್ನು ಎಲ್ಲಿ ಕೊಡಬೇಕು? ನಿವೃತ್ತ ಸರ್, ದಾರಿ ಹೇಳಿ.

---

ನಿವೃತ್ತ ಡಿಐಸಿ (ತುಮಕೂರು):

ಖಂಡಿತ ಮಾಡಬಹುದು. ಮೊದಲು ಮಾಹಿತಿ ಹಕ್ಕು (ಆರ್‌ಟಿಐ) ಬಳಸಿ. 2005ರ ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಕಚೇರಿಯೂ ತಾನು ಅನುಸರಿಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ತೀರ್ಮಾನಕ್ಕೆ ಕಾರಣವನ್ನು ಸಂಬಂಧಪಟ್ಟವರಿಗೆ ತಿಳಿಸಬೇಕು ಅಂತಲೂ ಅದೇ ಕಲಂನಲ್ಲಿದೆ. 10 ರೂ. ಶುಲ್ಕ ಕಟ್ಟಿ ಪ್ರತಿ ಕಚೇರಿಗೂ ಒಂದೇ ಪ್ರಶ್ನೆ ಹಾಕಿ: ಈ ಅನುಮತಿಗೆ ಯಾವ ಯಾವ ದಾಖಲೆ ಬೇಕು, ಪ್ರತಿಯೊಂದನ್ನೂ ಯಾವ ಕಾಯ್ದೆಯ, ಯಾವ ನಿಯಮದ, ಯಾವ ಸುತ್ತೋಲೆಯ ಆಧಾರದ ಮೇಲೆ ಕೇಳುತ್ತೀರಿ? 30 ದಿನದಲ್ಲಿ ಉತ್ತರ ಬರಬೇಕು. ಆಧಾರ ಇಲ್ಲದ ಕಾಗದಗಳು ಅಲ್ಲೇ ಗೊತ್ತಾಗುತ್ತವೆ. ಪ್ರಶ್ನೆಯಲ್ಲಿ ದೂರು ಬೇಡ, ಯಾರ ಹೆಸರೂ ಬೇಡ. ಅನುಭವದಿಂದ ಹೇಳುತ್ತಿದ್ದೇನೆ, ಹೆಸರು ಬಂದ ಕೂಡಲೇ ಅವರು ತಮ್ಮನ್ನು ಉಳಿಸಿಕೊಳ್ಳುವುದರಲ್ಲಿ ಮುಳುಗುತ್ತಾರೆ, ವಿಷಯ ಹಿಂದೆ ಬೀಳುತ್ತದೆ.

ಉತ್ತರಗಳು ಬಂದ ಮೇಲೆ ಒಂದು ಕಸುಬಿಗೆ ಒಂದು ಹಾಳೆಯಂತೆ ಪಟ್ಟಿ ಮಾಡಿ. ಜಿಲ್ಲಾ ಮಟ್ಟದ ಸಮಿತಿಯ ಸದಸ್ಯ ಕಾರ್ಯದರ್ಶಿಗೆ, ಅಂದರೆ ಡಿಐಸಿ ಜಂಟಿ ನಿರ್ದೇಶಕರಿಗೆ ಬರೆದು ಕೊಡಿ. ಮುಂದಿನ ಸಭೆಯ ವಿಷಯ ಪಟ್ಟಿಗೆ ಸೇರಿಸಿ, ಚರ್ಚೆಯನ್ನು ನಡಾವಳಿಯಲ್ಲಿ ದಾಖಲಿಸಿ ಅಂತ ಸ್ಪಷ್ಟವಾಗಿ ಕೇಳಿ. ನಡಾವಳಿಗೆ ಬಂದರೆ ಅದು ಸರ್ಕಾರದ ದಾಖಲೆ. ಒಂದು ಪ್ರತಿ ಉದ್ಯೋಗ ಮಿತ್ರಕ್ಕೆ, ಒಂದು ನಿಮ್ಮ ಶಾಸಕರಿಗೆ. ಮುಂದೆ ಕಾಯ್ದೆ ಬರಬೇಕಾದರೆ ಮಾತಾಡಬೇಕಾದವರು ಅವರೇ.

ಹುಣಸೆ ಮತ್ತು ಅಕ್ಕಿ ಮಿಲ್‌ನವರು ನನಗೆ ಪರಿಚಯ ಇದ್ದಾರೆ, ಅವರ ಪಟ್ಟಿ ನಾನು ತರುತ್ತೇನೆ. ಆರ್‌ಟಿಐ ಅರ್ಜಿಯ ಕನ್ನಡ ಕರಡು ಬರೆದು ಈ ವಾರವೇ ಇಲ್ಲಿ ಹಾಕುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದವರೂ ಕಚೇರಿ ಹೆಸರು ಬದಲಿಸಿ ಅದನ್ನೇ ಬಳಸಬಹುದು. ಮಾಲೂರಿನ ತಾಯಿ ಹೇಳಿದ ಹಾಗೆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇರಲಿ, ಈ ಕಾಗದ ಯಾರನ್ನು ಕಾಪಾಡುತ್ತದೆ ಅಂತ. ಅದನ್ನು ತುಂಬುವಾಗ ಮಿಲ್ ಮಾಲೀಕರ ಜೊತೆ ಅಲ್ಲಿ ದುಡಿಯುವವರನ್ನೂ ಕೂರಿಸಿಕೊಳ್ಳಿ.